ಮೊದಲ ಹಾಫ್ ಮ್ಯಾರಥಾನ್: ನಿಮ್ಮ ಮೂಳೆಗೂ ಸ್ವಲ್ಪ ಟೈಮ್ ಕೊಡಿ

ಮೊದಲ ಹಾಫ್ ಮ್ಯಾರಥಾನ್‌ಗೆ, ಅಂದರೆ 21.1 ಕಿಲೋಮೀಟರ್ ಓಟಕ್ಕೆ, ಹೆಸರು ಕೊಟ್ಟವರು ಫಿಸಿಯೋಥೆರಪಿಗೆ ಅಂತ ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ತಯಾರಿ ಶುರುವಾಗಿ ಒಂದು, ಒಂದೂವರೆ ತಿಂಗಳಾದ ಮೇಲೆ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು. "ಮೇಡಂ, ಎಲ್ಲ ಚೆನ್ನಾಗೇ ಹೋಗ್ತಿತ್ತು, ಏದುಸಿರು ಬರೋದೂ ನಿಂತಿತ್ತು, ಇದ್ದಕ್ಕಿದ್ದ ಹಾಗೆ ಕಾಲು ನೋವು ಶುರುವಾಯ್ತು." ಆ ನೋವು ಇದ್ದಕ್ಕಿದ್ದ ಹಾಗೆ ಬಂದದ್ದಲ್ಲ. ಏದುಸಿರು ನಿಂತ ಖುಷಿಯಲ್ಲಿ ಓಟ ಜಾಸ್ತಿ ಮಾಡಿದರಲ್ಲ, ಅಲ್ಲಿಂದಲೇ ಶುರುವಾಗಿತ್ತು.

ಓಡಲು ಶುರು ಮಾಡಿದಾಗ ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಪಳಗುವುದಿಲ್ಲ. ರಕ್ತದ ಪ್ರಮಾಣ ಒಂದೆರಡು ವಾರದಲ್ಲೇ ಏರುತ್ತದೆ, ಹೃದಯಕ್ಕೆ ಕೆಲಸ ಹಗುರಾಗುತ್ತದೆ. ಸ್ನಾಯುಗಳೂ ಬೇಗ ಬಲಿಯುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್‌ಗಳು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಮೂಳೆಯ ರೀತಿಯಂತೂ ಇನ್ನೂ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಸವೆದ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸ ಮೂಳೆ ತುಂಬುತ್ತದೆ. ಕರಗುವುದಕ್ಕೆ ಕೆಲವೇ ವಾರ ಸಾಕು, ತುಂಬಿ ಗಟ್ಟಿಯಾಗಲು ತಿಂಗಳುಗಳು ಬೇಕು. ಹಾಗಾಗಿ ಒಮ್ಮೆಲೇ ಓಟ ಏರಿಸಿದ ಕೆಲವು ವಾರಗಳ ನಂತರ, ಉಸಿರು ಪೂರ್ತಿ ಹಿಡಿತಕ್ಕೆ ಬಂದಿದೆ ಅನಿಸುವ ಹೊತ್ತಿಗೇ, ಮೂಳೆ ಮೊದಲಿಗಿಂತ ದುರ್ಬಲವಾಗಿರಬಹುದು. ಮೊದಲ ಸಲದವರು ಎಡವುವುದು ಇಲ್ಲೇ.

ಮೊಣಕಾಲಿನ ಕೆಳಗೆ ನೋವು ಅಂತ ಬಂದವರ ಮೂಳೆಯ ಒಳಅಂಚಿಗೆ ಹೆಬ್ಬೆರಳು ಇಟ್ಟು, ಪಾದದ ಗಂಟಿನ ಕಡೆಯಿಂದ ನಿಧಾನಕ್ಕೆ ಒತ್ತುತ್ತಾ ಮೇಲೆ ಹೋಗುತ್ತೇನೆ. ನಾಲ್ಕು ಬೆರಳಗಲ, ಅದಕ್ಕೂ ಜಾಸ್ತಿ ಉದ್ದಕ್ಕೆ ನೋವು ಹರಡಿದ್ದರೆ ಅದು ಬಹುಪಾಲು ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಭಾರಕ್ಕೆ ಮೂಳೆಯ ಅಂಚು ಕೆರಳಿ ಬರುವ ನೋವು. ಓಟ ಕಮ್ಮಿ ಮಾಡಿ, ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ. ಬೆರಳತುದಿಯಷ್ಟೇ ಜಾಗದಲ್ಲಿ, ಒತ್ತಿದ ಕೂಡಲೇ ಕಾಲು ಎಳೆದುಕೊಳ್ಳುವಷ್ಟು ನೋವಿದ್ದರೆ ಮಾತ್ರ ಹುಷಾರು. ನಡೆಯುವಾಗಲೂ ನೋವು, ರಾತ್ರಿ ಮಲಗಿದಾಗಲೂ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಡುತ್ತಿರಬಹುದು, ಅದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು. ಆ ದಿನವೇ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಎಕ್ಸ್‌ರೇ ನಾರ್ಮಲ್ ಬಂತು ಅಂತ ಮತ್ತೆ ಓಡಲು ಹೋಗಬೇಡಿ, ನೋವು ಹಾಗೇ ಇದ್ದರೆ ಎಂಆರ್‌ಐ ಬೇಕಾಗುತ್ತದೆ.

ಇದನ್ನೆಲ್ಲ ತಪ್ಪಿಸಲು ಏನು ಮಾಡಬೇಕು? ನಿಧಾನಕ್ಕೆ ಓಡಿ. ನೀವು ಅಂದುಕೊಂಡದ್ದಕ್ಕಿಂತಲೂ ನಿಧಾನಕ್ಕೆ. ಪಕ್ಕದಲ್ಲಿ ಓಡುತ್ತಿರುವವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಎರಡೆರಡು ಪದಕ್ಕೆ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ವಾರದ ಓಟದಲ್ಲಿ ಬಹುಪಾಲು ಹೀಗೇ ಇರಲಿ. ನಡುವೆ ನಡೆದರೆ ಅವಮಾನವೇನೂ ಇಲ್ಲ. ನಾಲ್ಕೈದು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತಲೇ 21.1 ಕಿಲೋಮೀಟರ್ ಮುಗಿಸುವವರಿದ್ದಾರೆ, ಅವರೂ ಹಾಫ್ ಮ್ಯಾರಥಾನ್ ಓಡಿದವರೇ.

ಈಗಾಗಲೇ 5 ಕಿಲೋಮೀಟರ್ ನಿಲ್ಲದೆ ಓಡಬಲ್ಲವರಿಗೆ 12 ರಿಂದ 16 ವಾರ ಇರಲಿ, ವಾರಕ್ಕೆ ಮೂರು ಅಥವಾ ನಾಲ್ಕು ದಿನ ಸಾಕು. ಅದರಲ್ಲಿ ಒಂದು ದಿನ ಉದ್ದದ ಓಟ. ಅದನ್ನು ವಾರಕ್ಕೆ ಒಂದು, ಒಂದೂವರೆ ಕಿಲೋಮೀಟರ್‌ನಂತೆ ಏರಿಸಿ, ಮೂರ್ನಾಲ್ಕು ವಾರಕ್ಕೊಮ್ಮೆ ಬೇಕಂತಲೇ ಕಮ್ಮಿ ಮಾಡಿ. ಒಂದು ವಾರ ತಪ್ಪಿಹೋಯಿತು ಅಂತ ಮುಂದಿನ ವಾರ ಎರಡರದ್ದೂ ಸೇರಿಸಿ ಓಡುವವರು ಎಷ್ಟು ಜನ ಗೊತ್ತಾ? ದಯವಿಟ್ಟು ಬೇಡ. ತಪ್ಪಿದ್ದು ತಪ್ಪಿತು, ಬಿಟ್ಟುಬಿಡಿ. ತಯಾರಿಯಲ್ಲಿ 16, 18 ಕಿಲೋಮೀಟರ್ ತನಕ ಹೋದರೆ ಸಾಕು, ಪೂರ್ತಿ ದೂರವನ್ನು ಮೊದಲೇ ಓಡಿ ನೋಡಬೇಕಿಲ್ಲ.

ಮೀನಖಂಡದ ವ್ಯಾಯಾಮವನ್ನು ಮಾತ್ರ ಬಿಡಬೇಡಿ. ಅಲ್ಲಿ ಒಳಗೆ ಸೋಲಿಯಸ್ ಅಂತ ಒಂದು ಸ್ನಾಯು ಇದೆ. ಓಡುವಾಗ ಒಂದೊಂದು ಹೆಜ್ಜೆಗೂ ಅದು ದೇಹದ ತೂಕದ ಹಲವು ಪಟ್ಟು ಭಾರ ತಡೆದುಕೊಳ್ಳುತ್ತದೆ. ಗೋಡೆ ಹಿಡಿದು ಒಂದೇ ಕಾಲ ಮೇಲೆ ನಿಂತು, ಹಿಮ್ಮಡಿ ಎತ್ತಿ, ನಿಧಾನಕ್ಕೆ ಇಳಿಸಿ. ಒಮ್ಮೆ ಮೊಣಕಾಲು ನೆಟ್ಟಗಿಟ್ಟು, ಇನ್ನೊಮ್ಮೆ ಸ್ವಲ್ಪ ಬಗ್ಗಿಸಿ. ಬಗ್ಗಿಸಿದಾಗಲೇ ಸೋಲಿಯಸ್‌ಗೆ ಸರಿಯಾದ ಕೆಲಸ ಸಿಗುವುದು. ವಾರಕ್ಕೆ ಎರಡು ಮೂರು ದಿನ ಮಾಡಿ. ಸ್ಟ್ರೆಚಿಂಗ್‌ಗೆ ಕೊಡುವ ಸಮಯದಲ್ಲಿ ಅರ್ಧದಷ್ಟನ್ನಾದರೂ ಇದಕ್ಕೆ ಕೊಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ರೇಸ್‌ಗೆ ಮುಂಚಿನ ಹತ್ತು ದಿನ, ಎರಡು ವಾರ ಓಟ ಕಮ್ಮಿ ಮಾಡಬೇಕು. ಸುಮ್ನೆ ಕೂರುವುದು ಹಿಂಸೆ ಅನಿಸುತ್ತೆ, ಅಲ್ವಾ? ಆದರೆ ಆ ಕೊನೇ ವಾರದಲ್ಲಿ ಎಷ್ಟೇ ಓಡಿದರೂ ಆ ದಿನಕ್ಕೆ ಅದು ದಕ್ಕುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ. ಶೂ, ಸಾಕ್ಸ್, ಓಡುವಾಗ ಶಕ್ತಿಗೆ ಅಂತ ತಿನ್ನುವ ಜೆಲ್ ಯಾವುದನ್ನೂ ಅವತ್ತೇ ಮೊದಲು ಬಳಸಬೇಡಿ. ಎರಡು ಗಂಟೆಯ ಮೇಲೆ ಓಡುವವರಿಗೆ ಗಂಟೆಗೆ 30 ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಅದನ್ನು ಉದ್ದದ ಓಟಗಳಲ್ಲೇ ಹೊಟ್ಟೆಗೆ ಅಭ್ಯಾಸ ಮಾಡಿಸಿ. ನೀರನ್ನು ಬಾಯಾರಿದಷ್ಟು ಕುಡಿಯಿರಿ. ಸಿಕ್ಕ ಸಿಕ್ಕ ಕಡೆ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನೋವು ಬರದಿರಲಿ ಅಂತ ರೇಸ್ ಬೆಳಿಗ್ಗೆ ಐಬುಪ್ರೊಫೇನ್ ಥರದ ಮಾತ್ರೆ ನುಂಗಬೇಡಿ. ಬೆವರು ಸುರಿದು ದೇಹ ಒಣಗಿದ ಹೊತ್ತಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಮಾತ್ರೆ ಇಲ್ಲದೆ ಓಡಲು ಆಗದಷ್ಟು ನೋವಿದ್ದರೆ ಆ ರೇಸ್ ಬಿಡಿ, ಮುಂದಿನದಕ್ಕೆ ಹೆಸರು ಕೊಡಿ.

ಮುಗಿಸಿದ ಮೇಲೆ ಒಂದೆರಡು ದಿನ ಮೆಟ್ಟಿಲು ಇಳಿಯುವಾಗ ಎರಡೂ ತೊಡೆ ಕಿತ್ತುಬರುವ ಹಾಗೆ ನೋಯುತ್ತವೆ. ಅದಕ್ಕೆ ಹೆದರಬೇಡಿ, ತಾನಾಗಿ ಇಳಿಯುತ್ತದೆ. ಒಂದು ವಾರ ಬರೀ ನಡೆಯಿರಿ. ಒಂದೇ ಕಾಲಲ್ಲಿ, ಒಂದೇ ಜಾಗದಲ್ಲಿ ನೋವು ಉಳಿದುಕೊಂಡರೆ ಮಾತ್ರ ಬಂದು ತೋರಿಸಿ.