ಹುಟ್ಟಿನಿಂದಲೇ ಬೆಸೆದ ಕತ್ತಿನ ಮೂಳೆಗಳು: ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ಪ್ಯಾರಿಸ್ಸಿನ ವೈದ್ಯರಾದ ಮೋರಿಸ್ ಕ್ಲಿಪೆಲ್ ಮತ್ತು ಆಂದ್ರೆ ಫೀಲ್ 1912ರಲ್ಲಿ 46 ವರ್ಷದ ದರ್ಜಿಯೊಬ್ಬನ ದೇಹಸ್ಥಿತಿಯನ್ನು ವರದಿ ಮಾಡಿದರು. ಅವನ ಕತ್ತು ತೀರ ಗಿಡ್ಡವಾಗಿತ್ತು, ತಲೆಯ ಹಿಂಭಾಗದ ಕೂದಲಿನ ಅಂಚು ಕೆಳಕ್ಕಿಳಿದಿತ್ತು, ತಲೆಯನ್ನು ಆಚೀಚೆ ಹೊರಳಿಸುವುದು ಕಷ್ಟವಾಗಿತ್ತು. ಅವನು ತೀರಿಕೊಂಡ ಬಳಿಕ ನಡೆದ ಪರೀಕ್ಷೆಯಲ್ಲಿ ಕತ್ತಿನ ಮೂಳೆಗಳು ಬಿಡಿಬಿಡಿಯಾಗಿರದೆ ಒಂದೇ ಗಟ್ಟಿಯಾಗಿ ಬೆಸೆದುಕೊಂಡಿರುವುದು ಕಂಡುಬಂತು. ಈ ಸ್ಥಿತಿಗೆ ಇಂದಿಗೂ ಆ ಇಬ್ಬರ ಹೆಸರೇ ಇದೆ. ಎಷ್ಟು ಮೂಳೆಗಳು, ಎಲ್ಲೆಲ್ಲಿ ಬೆಸೆದಿವೆ ಎಂಬುದನ್ನು ನೋಡಿ ಫೀಲ್ 1919ರಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು.

ಗರ್ಭದ ಮೊದಲ ಎರಡು ತಿಂಗಳೊಳಗೆ ಭ್ರೂಣದ ಬೆನ್ನಿನ ಭಾಗ ತುಂಡು ತುಂಡಾಗಿ ವಿಭಜನೆಗೊಂಡು ಮೂಳೆಗಳಾಗಬೇಕು. ಆ ವಿಭಜನೆ ಅರ್ಧಕ್ಕೇ ನಿಂತರೆ ಮೂಳೆಗಳು ಕೂಡಿಕೊಂಡೇ ಬೆಳೆಯುತ್ತವೆ. ಸುಮಾರು 40,000 ಹೆರಿಗೆಗಳಿಗೆ ಒಂದು ಎಂಬುದು ರೂಢಿಯಲ್ಲಿರುವ ಅಂದಾಜು. ಆದರೆ ಆ ದರ್ಜಿಯಲ್ಲಿದ್ದ ಮೂರೂ ಲಕ್ಷಣಗಳು ಅರ್ಧಕ್ಕಿಂತ ಕಡಿಮೆ ಜನರಲ್ಲಿ ಒಟ್ಟಿಗೆ ಕಾಣುವುದರಿಂದ, ಬೇರಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಗೊತ್ತಾಗುವವರು ಅನೇಕರು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ತೊಂದರೆ ಕೊಡುವುದು ಸಾಮಾನ್ಯವಾಗಿ ಬೆಸೆದ ಜಾಗವಲ್ಲ. ಅಲ್ಲಿ ಚಲನೆಯೇ ಇಲ್ಲದ್ದರಿಂದ ಸವೆಯಲು ಏನೂ ಇಲ್ಲ. ಅದರ ಮೇಲಿನ ಮತ್ತು ಕೆಳಗಿನ ಕೀಲುಗಳು ಇಡೀ ಕತ್ತಿನ ಬಾಗು–ತಿರುವುಗಳ ಹೊರೆಯನ್ನು ವರ್ಷಗಟ್ಟಲೆ ಹೊತ್ತು, ಒಂದೋ ಸಡಿಲವಾಗುತ್ತವೆ, ಇಲ್ಲವೇ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಸವೆದು ನರವನ್ನೋ ಬೆನ್ನುಹುರಿಯನ್ನೋ ಒತ್ತುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ಬಿಗಿದಂತಾಗಿ ತೂರಾಡುವುದು ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿರುವುದರ ಸೂಚನೆಗಳು. ಇವನ್ನು ವಯಸ್ಸಿನ ದಣಿವೆಂದು ತಳ್ಳಿಹಾಕಬಾರದು.

ಕತ್ತಿನ ಮುಂಭಾಗದಿಂದ ಹೋಗಿ ಕೆಟ್ಟ ಡಿಸ್ಕನ್ನು ತೆಗೆದು ಎರಡು ಮೂಳೆಗಳನ್ನು ಬೆಸೆಯುವ ವಿಧಾನವನ್ನು ಅಮೆರಿಕದ ರಾಬಿನ್ಸನ್ ಮತ್ತು ಸ್ಮಿತ್ 1955ರಲ್ಲಿ, ಕ್ಲೋವರ್ಡ್ 1958ರಲ್ಲಿ ವಿವರಿಸಿದರು. ಸಾಮಾನ್ಯ ರೋಗಿಗೆ ಇದು ದೊಡ್ಡ ಪರಿಹಾರವಾಯಿತು. ಆದರೆ ಹುಟ್ಟಿನಿಂದಲೇ ಎರಡು ಮೂರು ಮೂಳೆ ಬೆಸೆದವರಿಗೆ ಇನ್ನೊಂದು ಬೆಸುಗೆಯೆಂದರೆ, ಉಳಿದ ಕೀಲುಗಳ ಮೇಲೆ ಹೊರೆ ಮತ್ತಷ್ಟು ಏರುವುದು ಎಂದೇ ಅರ್ಥ. ಹುಟ್ಟು ದೋಷವಿಲ್ಲದವರಲ್ಲಿಯೂ ಇಂಥ ಶಸ್ತ್ರಚಿಕಿತ್ಸೆಯ ನಂತರ ಪಕ್ಕದ ಕೀಲಿನ ಕಾಯಿಲೆ ವರ್ಷಕ್ಕೆ ಸುಮಾರು ಶೇಕಡ 2.9ರಷ್ಟು ಜನರಲ್ಲಿ ತಲೆದೋರುತ್ತದೆಂದು ಹಿಲಿಬ್ರಾಂಡ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಾಗ, ಈ ಆತಂಕಕ್ಕೆ ಅಂಕಿಅಂಶದ ಬಲ ಬಂತು.

ಕತ್ತಿನ ಮೇಲ್ತುದಿಯ ಕಥೆ ಬೇರೆ. ತಲೆಯನ್ನು ತಿರುಗಿಸುವ ಚಲನೆಯ ಅರ್ಧದಷ್ಟು ಮೊದಲ ಎರಡು ಮೂಳೆಗಳ ನಡುವೆ ನಡೆಯುತ್ತದೆ. ಮೊದಲ ಮೂಳೆ ತಲೆಬುರುಡೆಗೂ, ಎರಡನೆಯದು ಮೂರನೆಯದಕ್ಕೂ ಅಂಟಿಕೊಂಡಿದ್ದರೆ ನಡುವಿನ ಆ ಒಂದೇ ಕೀಲು ಎಲ್ಲ ಎಳೆತವನ್ನೂ ತಾಳಬೇಕಾಗಿ, ಕೊನೆಗೆ ಜಾರುತ್ತದೆ. ಹಿಂದೆ ಇದನ್ನು ತಂತಿ ಬಿಗಿದು ನಿಲ್ಲಿಸುತ್ತಿದ್ದರು. ಮುಂಬಯಿಯ ಅತುಲ್ ಗೋಯಲ್ ಮತ್ತು ಲಹೇರಿ ಆ ಎರಡು ಮೂಳೆಗಳ ಪಕ್ಕದ ಭಾಗಗಳಿಗೇ ಸ್ಕ್ರೂ ಹಾಕಿ ಪ್ಲೇಟಿನಿಂದ ಬಿಗಿಯುವ ಕ್ರಮವನ್ನು 1994ರಲ್ಲಿ ಪ್ರಕಟಿಸಿದರು. ಜರ್ಮನಿಯ ಹಾರ್ಮ್ಸ್ ಮತ್ತು ಮೆಲ್ಚರ್ 2001ರಲ್ಲಿ ಪ್ಲೇಟಿನ ಬದಲು ಲೋಹದ ಸರಳು ಬಳಸುವ ಮಾರ್ಪಾಡು ತಂದರು. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಈ ವಿಧಾನದ ಬೇರು ಭಾರತದಲ್ಲಿದೆ ಎಂಬುದು ನಮ್ಮಲ್ಲಿ ಇನ್ನಷ್ಟು ಜನರಿಗೆ ತಿಳಿಯಬೇಕು.

ಆಪರೇಷನ್ ಥಿಯೇಟರಿನಲ್ಲಿ ಮೊದಲ ಅಪಾಯ ಕತ್ತಿ ಹಿಡಿಯುವ ಮೊದಲೇ ಎದುರಾಗುತ್ತದೆ. ಅರಿವಳಿಕೆ ಕೊಟ್ಟು ಉಸಿರಾಟದ ಕೊಳವೆ ಇಳಿಸಲು ತಲೆಯನ್ನು ಹಿಂದಕ್ಕೆ ಬಾಗಿಸುವುದು ವಾಡಿಕೆ. ಈ ಕತ್ತು ಬಾಗುವುದಿಲ್ಲ, ಬಲವಂತ ಮಾಡಿದರೆ ಸಡಿಲ ಕೀಲಿನಲ್ಲಿ ಬೆನ್ನುಹುರಿ ನಜ್ಜುಗುಜ್ಜಾಗಬಹುದು. ಹಾಗಾಗಿ ರೋಗಿ ಎಚ್ಚರವಾಗಿರುವಾಗಲೇ ಗಂಟಲನ್ನು ಮರಗಟ್ಟಿಸಿ, ತುದಿಯಲ್ಲಿ ಬೆಳಕಿರುವ ಬಳುಕುವ ದರ್ಶಕದ ನೆರವಿನಿಂದ ಕೊಳವೆ ಕೂರಿಸುವುದನ್ನು ಅನೇಕ ತಜ್ಞರು ಆರಿಸಿಕೊಳ್ಳುತ್ತಾರೆ. ಮೆದುಳಿಗೆ ರಕ್ತ ಒಯ್ಯುವ ಅಪಧಮನಿ ಮಾಮೂಲಿ ಹಾದಿ ಬಿಟ್ಟು ಸಾಗಿರಬಹುದಾದ್ದರಿಂದ ಸ್ಕ್ರೂ ಹಾಕುವ ಮುನ್ನ ರಕ್ತನಾಳಗಳ ಸಿಟಿ ಸ್ಕ್ಯಾನ್ ಬೇಕು. ಮೂತ್ರಪಿಂಡ, ಹೃದಯ, ಕಿವಿಗಳಲ್ಲಿಯೂ ಹುಟ್ಟು ದೋಷ ಇರಬಹುದಾದ್ದರಿಂದ ಅವುಗಳ ತಪಾಸಣೆಯೂ ಆಗಬೇಕು.

2007ರಲ್ಲಿ ಅಮೆರಿಕದಲ್ಲಿ ಕತ್ತಿನ ಕೃತಕ ಡಿಸ್ಕಿಗೆ ಅನುಮತಿ ದೊರೆತ ಮೇಲೆ, ಬೆಸೆಯದೆ ಚಲನೆಯನ್ನು ಉಳಿಸಬಹುದೆಂಬ ಆಸೆ ಈ ರೋಗಿಗಳ ಮಟ್ಟಿಗೂ ಚಿಗುರಿತು. ತರ್ಕ ಬಲವಾಗಿದೆ. ಆದರೆ ಬೆಸೆದ ಮೂಳೆಯ ಪಕ್ಕದಲ್ಲಿ ಕೃತಕ ಡಿಸ್ಕ್ ಹಾಕಿದ ಅನುಭವ ಬಹುಪಾಲು ಸಣ್ಣ ಸಂಖ್ಯೆಯ ರೋಗಿಗಳ ವರದಿಗಳಿಗೆ ಸೀಮಿತವಾಗಿದೆ, ಮತ್ತು ಕೀಲು ಈಗಾಗಲೇ ಸಡಿಲಗೊಂಡಿದ್ದರೆ ಕೃತಕ ಡಿಸ್ಕ್ ಸಲ್ಲದು. ಅಲ್ಲಿ ಬೆಸುಗೆಯೇ ಗತಿ.