‘ಉವನ್’ ಎಲ್ಲಿ ಉಳಿದ?

ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಬಾಳೆಹಣ್ಣು ತರುವವರು ಮದುರೆ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿದೆ. ನಮ್ಮೊಂದಿಗೆ ಕನ್ನಡದಲ್ಲೇ ವ್ಯಾಪಾರ. ಫೋನಿನಲ್ಲಿ ಊರಿನವರ ಜೊತೆ ಮಾತಾಡುವಾಗ ಮಾತ್ರ ಹಣ್ಣು ‘ವಾಳಪ್ಪಳಂ’ ಆಗುತ್ತದೆ. ಪುಸ್ತಕದ ತಮಿಳಿನಲ್ಲಿ ಅದು ‘ವಾೞೈಪ್ಪೞಂ’. ಒಂದು ದಿನ ಕೇಳಿಯೇಬಿಟ್ಟೆ: ‘ಅಣ್ಣಾ, ಅಲ್ಲಿ ೞ ಬರಬೇಕಲ್ವಾ?’ ಅವರು ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಒಮ್ಮೆ ಚೆನ್ನಾಗಿ ಹೇಳಿ ತೋರಿಸಿದರು. ‘ಅದು ಸ್ಕೂಲಲ್ಲಿ ಸಾರ್. ಮನೇಲಿ ಹಿಂಗೇ.’

ತಮಿಳಿನ ಹೆಸರಿನಲ್ಲೇ ಈ ಧ್ವನಿ ಇದೆ: ತಮಿೞ್. ಆದರೂ ಮದುರೆಯಿಂದ ದಕ್ಷಿಣಕ್ಕೆ ಹೋದರೆ ಜನರ ಬಾಯಲ್ಲಿ ಅದು ಳ. ಚೆನ್ನೈನ ಹಳೆಯ ಬಡಾವಣೆಗಳ ಮಾತಿನಲ್ಲಿ ಯ, ಅಂದರೆ ‘ವಾಯಪ್ಪಯಂ’. ಯಾಳ್ಪಾಣದಲ್ಲಿ, ನಾವು ಜಾಫ್ನಾ ಅನ್ನುವ ಊರಿನಲ್ಲಿ, ಹೆಚ್ಚಾಗಿ ಮತ್ತೆ ಳ. ಗಟ್ಟಿಯಾಗಿ ಉಳಿಸಿಕೊಂಡದ್ದು ಮಲಯಾಳಂ. ಆಲಪ್ಪುೞ, ಕೋೞಿಕ್ಕೋಡ್ ಎಂಬ ಊರ ಹೆಸರುಗಳನ್ನು ಅಲ್ಲಿಯವರ ಬಾಯಲ್ಲೇ ಕೇಳಬೇಕು.

ನಮಗೂ ಇತ್ತು ಈ ಧ್ವನಿ. ಬಾೞೆ, ಮೞೆ, ಕೋೞಿ, ಏೞು, ಪುೞು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಟ್ಟ. ಆಡುವವರ ನಾಲಿಗೆಯಲ್ಲಿ ೞ, ಳ ಎರಡೂ ಬೇರೆಬೇರೆಯಾಗಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಮಾತಿನಿಂದ ಆಗಲೇ ಜಾರಿಹೋಗುತ್ತಿದ್ದುದನ್ನು ಅವನು ಕವಿಗಳಿಗಾಗಿ ಕಾಪಿಟ್ಟ ಎಂದೇ ನಾನು ಓದಿಕೊಳ್ಳುತ್ತೇನೆ.

ಕನ್ನಡ ಹಿರಿದೋ ತಮಿಳು ಹಿರಿದೋ ಎಂಬ ಜಗಳ ಎದ್ದಾಗಲೆಲ್ಲ ನನಗೆ ಆ ಗಾಡಿಯೇ ನೆನಪಾಗುತ್ತದೆ. ಬರಹದ ಲೆಕ್ಕ ಹಿಡಿದರೆ ಉತ್ತರ ಸುಲಭ. ಮದುರೆಯ ಹತ್ತಿರದ ಮಾಂಗುಳಂ ಗುಹೆಗಳಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದ ಸುಮಾರಿನ ತಮಿಳು ಬ್ರಾಹ್ಮಿ ಶಾಸನಗಳಿವೆ. ನಮ್ಮ ಹಲ್ಮಿಡಿ ಶಾಸನ ಕ್ರಿಸ್ತಶಕ 450ರ ಸುಮಾರಿನದು. ಆದರೆ ಅದು ಕಲ್ಲಿನ ವಯಸ್ಸು. ಎರಡು ನುಡಿಗಳೂ ಒಂದೇ ಮೂಲದಿಂದ ಕವಲೊಡೆದವು. ಯಾವುದು ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂದು ಕೇಳಿದರೆ ಲೆಕ್ಕವೇ ಬೇರೆಯಾಗುತ್ತದೆ.

ನಮ್ಮ ‘ಕಿವಿ’ ತಮಿಳಿನಲ್ಲಿ ‘ಸೆವಿ’. ನಮ್ಮ ‘ಕೇರಿ’ ಅವರ ‘ಸೇರಿ’. ಕೆಂಪಿನ ‘ಕೆಂ’ ಅಲ್ಲಿ ‘ಸೆಂ’, ‘ಕಿರು’ ಅಲ್ಲಿ ‘ಸಿಱು’ (ಱ ಎಂದರೆ ಹಳೆಯ ಗಡುಸು ರ). ಇ, ಎ ಸ್ವರಗಳನ್ನು ಹೇಳುವಾಗ ನಾಲಿಗೆ ಮುಂದಕ್ಕೆ ಚಾಚುತ್ತದೆ. ಅವುಗಳ ಮೊದಲಿದ್ದ ಕ ಕೂಡ ಅದರ ಜೊತೆ ಮುಂದೆ ಸರಿದು ಚ ಆಯಿತು. ಈಗ ಮಾತಿನಲ್ಲಿ ಅದು ಸ. ಹಾಗಾದರೆ ‘ಕೇಳು’ ಯಾಕೆ ‘ಸೇಳ್’ ಆಗಲಿಲ್ಲ? ತಮಿಳಿನಲ್ಲೂ ಅದು ‘ಕೇಳ್’. ಗಿಳಿ ಅಲ್ಲಿ ‘ಕಿಳಿ’, ಕೆಡು ಅಲ್ಲೂ ‘ಕೆಡು’. ಇಲ್ಲಿ ಸ್ವರದ ಬೆನ್ನಲ್ಲೇ ಳ, ಡ ಬಂದಿವೆ, ಗಮನಿಸಿ. ಅವಕ್ಕಾಗಿ ನಾಲಿಗೆ ಹಿಂದಕ್ಕೆ ಮಡಿಯಲೇಬೇಕು. ಆ ಸಿದ್ಧತೆಯಲ್ಲಿ ಸ್ವರವೂ ತುಸು ಹಿಂದೆ ನಿಂತಿತು, ಕ ತನ್ನ ಜಾಗದಲ್ಲೇ ಉಳಿಯಿತು. ಯಾರೂ ಕೂತು ಮಾಡಿದ ನಿಯಮವಲ್ಲ ಇದು, ಸಾವಿರಾರು ಬಾಯಿಗಳು ತಮಗೆ ತಿಳಿಯದೆಯೇ ಪಾಲಿಸಿದ್ದು. ನನಗೆ ಇದರಷ್ಟು ಬೆರಗು ಹುಟ್ಟಿಸುವ ಸಂಗತಿ ಭಾಷೆಯಲ್ಲಿ ಇನ್ನೊಂದಿಲ್ಲ.

ಪುದುಕ್ಕೋಟ್ಟೈ ಬಳಿಯ ಸಿತ್ತನ್ನವಾಸಲ್‌ನಲ್ಲಿ ಸುಮಾರು 2000 ವರ್ಷ ಹಳೆಯ ಶಾಸನವೊಂದಿದೆ. ಅಲ್ಲಿ ‘ಚೆಯ್ತ’ ಎಂದು ಕೊರೆದಿದ್ದಾರೆ, ‘ಮಾಡಿದ’ ಎಂದರ್ಥ. ಅಂದರೆ ಅಷ್ಟು ಹೊತ್ತಿಗಾಗಲೇ ತಮಿಳಿನ ಕ, ಚ ಆಗಿಹೋಗಿತ್ತು. ಅದೇ ಪದ ಹಳಗನ್ನಡದಲ್ಲಿ ‘ಕೆಯ್’, ‘ಗೆಯ್’. ಹೊಲದ ಗೇಯ್ಮೆ ಎನ್ನುವ ರೈತ ಇಂದಿಗೂ ಆ ಕಲ್ಲಿಗಿಂತ ಹಿಂದಿನ ಗುರುತನ್ನು ಬಾಯಲ್ಲಿ ಇಟ್ಟುಕೊಂಡಿದ್ದಾನೆ. ಇನ್ನೊಂದು ಸಂಗತಿ: ಶಾಸನತಜ್ಞ ಐರಾವತಂ ಮಹಾದೇವನ್ ಅವರು ಈ ಶಾಸನದಲ್ಲಿ ‘ಎರುಮಿ ನಾಡು’ ಎಂಬ ಹೆಸರನ್ನು ಓದಿ, ಅದು ಮೈಸೂರು ಸೀಮೆ ಎಂದು ಗುರುತಿಸಿದರು. ತಮಿಳಿನ ಅತಿ ಹಳೆಯ ಬರಹಗಳಲ್ಲೇ ಕನ್ನಡದ ನೆರಳಿರುವುದನ್ನು ತೋರಿಸಿಕೊಟ್ಟವರು ಅವರು.

ಹಾಗೆಂದು ನಾವೇ ಎಲ್ಲವನ್ನೂ ಉಳಿಸಿಕೊಂಡೆವೆಂದು ಬೀಗುವಂತಿಲ್ಲ. ಹಾಲು, ಹಲ್ಲು, ಹತ್ತು, ಹುಲಿ ಇವುಗಳಲ್ಲೆಲ್ಲ ನಾವು ‘ಪ’ವನ್ನು ಬಿಟ್ಟುಕೊಟ್ಟೆವು. ತಮಿಳು ಹಿಡಿದುಕೊಂಡಿತು: ಪಾಲ್, ಪಲ್, ಪತ್ತು, ಪುಲಿ.

ತಮಿಳು ಬದಲಾಗಲೇ ಇಲ್ಲ ಎನ್ನುವ ನಂಬಿಕೆ ಎಲ್ಲಿಂದ ಬಂತು? ಬರಹದಿಂದ. ಕೇಶಿರಾಜನ ಶತಮಾನದಲ್ಲೇ ಅಲ್ಲಿ ಪವಣಂದಿ ಎಂಬ ಜೈನ ಮುನಿ ‘ನನ್ನೂಲ್’ ಎಂಬ ವ್ಯಾಕರಣ ಬರೆದರು. ಆಶ್ರಯ ಕೊಟ್ಟವನು ಗಂಗ ವಂಶದ ಸೀಯಗಂಗನ್. ಕನ್ನಡದ ಬರಹ ಕೇಶಿರಾಜನನ್ನು ದಾಟಿ, ನಡುಗನ್ನಡ ಹಾದು ಆಡುಮಾತಿನ ಹತ್ತಿರಕ್ಕೆ ಬಂತು. ತಮಿಳು ಬರಹ ನನ್ನೂಲಿನ ಅಂಗಳದಲ್ಲೇ ನಿಂತಿತು. ಮಾತು ಮಾತ್ರ ನಿಲ್ಲಲಿಲ್ಲ. ‘ವಂದುವಿಟ್ಟೇನ್’ ಎಂದು ಬರೆಯುವವರು ‘ವಂದುಟ್ಟೇನ್’ ಅನ್ನುತ್ತಾರೆ. ‘ಇರುಕ್ಕಿಱದು’ ಎಂದು ಬರೆದದ್ದು ಬಾಯಲ್ಲಿ ‘ಇರುಕ್ಕು’, ಚೆನ್ನೈ ಬೀದಿಯಲ್ಲಿ ‘ಕೀದು’. ಈ ಎರಡು ತಮಿಳುಗಳಿಗೆ ಸೆಂದಮಿೞ್, ಕೊಡುಂದಮಿೞ್ ಎಂಬ ಹೆಸರುಗಳು ಹಳೆಯವು. 18ನೇ ಶತಮಾನದಲ್ಲಿ ಇಟಲಿಯಿಂದ ಬಂದ ಪಾದ್ರಿ ಬೆಸ್ಕಿ, ತಮಿಳರ ವೀರಮಾಮುನಿವರ್, ಎರಡಕ್ಕೂ ಬೇರೆಬೇರೆ ವ್ಯಾಕರಣ ಬರೆಯಬೇಕಾಯಿತು.

ಕೊಡುಂದಮಿೞ್ ಎಂದರೆ ಸೊಟ್ಟ ತಮಿಳು. ಈ ಹೆಸರು ನನಗೆ ಹಿಡಿಸುವುದಿಲ್ಲ. ಎಷ್ಟೋ ಹಳೆಯ ವಸ್ತುಗಳು ಸಿಗುವುದು ಈ ಸೊಟ್ಟ ಎನಿಸಿಕೊಂಡ ಮಾತುಗಳಲ್ಲೇ. ಕೊಯಮತ್ತೂರು ಸೀಮೆಯ ಕೊಂಗು ತಮಿಳು, ‘ಏನುಂಗ’ ಎಂದು ಮರ್ಯಾದೆಯಿಂದ ಕರೆಯುವ ಮಾತು, ಚಾಮರಾಜನಗರದ ಗಡಿಗೆ ಅಂಟಿಕೊಂಡಿದೆ. ನಮ್ಮದೇ ಮತ್ತೂರು, ಬೆಟ್ಟದಪುರ, ಕೌಶಿಕದಲ್ಲಿ ಸಂಕೇತಿಯರು ಆಡುವ ಮಾತಿಗೂ ಮೂಲ ತಮಿಳು. ಶತಮಾನಗಳ ಹಿಂದೆ ಘಟ್ಟ ಹತ್ತಿ ಬಂದವರೊಂದಿಗೆ ಬಂದದ್ದು.

ಯಾಳ್ಪಾಣದ ಮಾತನ್ನು ಮಾತ್ರ ಸ್ವಲ್ಪ ನಿಂತು ಕೇಳಬೇಕು. ಇಂಗ್ಲಿಷಿನ ‘ಟಿ’ ನಮ್ಮ ತ ಅಲ್ಲ, ಟ ಕೂಡ ಅಲ್ಲ. ಹಲ್ಲಿನ ಹಿಂದಿನ ವಸಡಿನ ಮೇಲೆ ಹುಟ್ಟುವ ಧ್ವನಿ. ನಾವೂ ತಮಿಳುನಾಡಿನವರೂ ಅದನ್ನು ಟ ಎಂದೇ ಕೇಳಿಸಿಕೊಳ್ಳುತ್ತೇವೆ. ದ್ರಾವಿಡ ಮೂಲನುಡಿಗೆ ಆ ಜಾಗದ ವ್ಯಂಜನ ತನ್ನದೇ ಆಗಿತ್ತು; ಯಾಳ್ಪಾಣದವರು ‘ವೆಱ್ಱಿ’, ಅಂದರೆ ಗೆಲುವು, ಅನ್ನುವಾಗ ಆ ಱ್ಱದಲ್ಲಿ ಅದು ಇನ್ನೂ ಕೇಳುತ್ತದೆ. ಹಾಗಾಗಿಯೇ ಕೆನಡಾದ ಟೊರೊಂಟೊ ಚೆನ್ನೈ ಪತ್ರಿಕೆಗಳಲ್ಲಿ ‘ಟೊರಾಂಟೋ’ ಆದರೆ, ಅಲ್ಲಿ ನೆಲೆಸಿದ ಈಳದ, ಅಂದರೆ ಶ್ರೀಲಂಕಾದ, ತಮಿಳರ ಪತ್ರಿಕೆಗಳಲ್ಲಿ ಟ ಬದಲು ರ ಹಾಕಿ ‘ರೊಱನ್‌ರೋ’. ಹೊರಗಿನವರಿಗೆ ತಪ್ಪು ಕಾಗುಣಿತದಂತೆ ಕಾಣುತ್ತದೆ. ಅದು ಚುರುಕಾದ ಕಿವಿಯ ಬರಹ.

ಅವರಲ್ಲಿ ಇವನ್, ಅವನ್ ಜೊತೆಗೆ ‘ಉವನ್’ ಕೂಡ ಇದ್ದಾನೆ: ತೀರ ಹತ್ತಿರವೂ ಅಲ್ಲ, ದೂರವೂ ಅಲ್ಲ, ನಡುವೆ ಇರುವವನು, ಕೇಳುವವನ ಪಕ್ಕದವನು. ಹಳಗನ್ನಡದಲ್ಲೂ ಇದ್ದ, ‘ಉವಂ’. ವಸ್ತುವಾದರೆ ‘ಉದು’. ನಮ್ಮ ಮಾತಿನಿಂದಲೂ ತಮಿಳುನಾಡಿನ ಮಾತಿನಿಂದಲೂ ಎದ್ದು ಹೋದ.

ನಾನು ಈ ಪದವನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಿವಿಯಾರೆ ಕೇಳಿರಲಿಲ್ಲ. ಕಳೆದ ವರ್ಷ ಗೆಳತಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಟೊರೊಂಟೊದಲ್ಲಿರುವ ಅವಳ ಅತ್ತೆ ವಿಡಿಯೋ ಕರೆ ಮಾಡಿದರು. ಹುಟ್ಟೂರು ಯಾಳ್ಪಾಣ. ಪರದೆಯಲ್ಲಿ ನನ್ನ ಕೈಯ ಬಟ್ಟಲನ್ನು ನೋಡಿ ಕೇಳಿದರು: ‘ಉದು ಎನ್ನ?’

ನುಗ್ಗೆಕಾಯಿ ಸಾರು ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.