ಮೂರನೇ ಕ್ಲಾಸ್‌ವರೆಗೆ ಚೆನ್ನಾಗಿದ್ದ ಮಗನಿಗೆ ನಾಲ್ಕರಲ್ಲಿ ಬರೀ ‘ಸಿ’ ಯಾಕೆ?

ಪ್ರಶ್ನೆ: ನನ್ನ ಮಗನಿಗೆ ಬೌದ್ಧಿಕ ವಿಕಲತೆ ಇದೆ. ಊರಿನ ಸರ್ಕಾರಿ ಶಾಲೆಯಲ್ಲಿ ಓದ್ತಿದ್ದಾನೆ. ಮೂರನೇ ತರಗತಿವರೆಗೆ ಖುಷಿಯಿಂದ ಹೋಗ್ತಿದ್ದ, ಮೇಷ್ಟ್ರೂ ‘ನಿಧಾನ, ಆದ್ರೆ ಕಲೀತಾನಮ್ಮ’ ಅಂತಿದ್ರು. ಈ ವರ್ಷ ಪ್ರಗತಿ ಪತ್ರದ ತುಂಬ ‘ಸಿ’. ಅವನು ಕಲಿಯೋದು ನಿಲ್ಲಿಸಿಬಿಟ್ನಾ?

ಇಲ್ಲ. ಅವನು ಬದಲಾಗಿಲ್ಲ, ಅಳೆಯುವ ಕೋಲು ಬದಲಾಗಿದೆ. ತಾಲ್ಲೂಕಿನ ಶಾಲೆಗಳನ್ನು ಸುತ್ತುವ ವಿಶೇಷ ಶಿಕ್ಷಕಿ ನಾನು. ಮೊದಲ ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ, ಅಂಕ ಕೈಗೆ ಬಂದಾಗೆಲ್ಲ ಯಾರಾದರೊಬ್ಬ ತಾಯಿ ನನ್ನನ್ನು ಇದನ್ನೇ ಕೇಳುತ್ತಾರೆ, ಅದೂ ಬಹುಪಾಲು ನಾಲ್ಕನೇ ತರಗತಿಯ ಮಕ್ಕಳ ತಾಯಂದಿರು.

ಕಾರಣ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ, ಒಂದರಿಂದ ಮೂರನೇ ತರಗತಿವರೆಗಿನ ಕಲಿಕಾ ಪದ್ಧತಿ ಇದು. ಅಲ್ಲಿ ಗೋಡೆ ಮೇಲೊಂದು ಕಲಿಕಾ ಏಣಿ ಇರುತ್ತೆ, ಮಗು ತನ್ನ ಮೆಟ್ಟಿಲಿನ ಕಾರ್ಡ್ ತಗೊಂಡು ತನ್ನ ‘ತಟ್ಟೆ’ಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕೂರುತ್ತೆ. ವಾರಗಟ್ಟಲೆ ಜ್ವರ ಬಿದ್ದು ಬಂದವನೂ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡ್ತಾನೆ. ನಿಮ್ಮ ಮಗನಂಥವರಿಗೆ ಅಂತ ಯಾರೂ ಅದನ್ನು ರೂಪಿಸಲಿಲ್ಲ. ಆದರೂ ನನ್ನ ತರಬೇತಿಯಲ್ಲಿ ‘ವೈಯಕ್ತಿಕ ಶಿಕ್ಷಣ ಯೋಜನೆ’ (ಒಂದೊಂದು ಮಗುವಿಗೂ ಅದರದೇ ಗುರಿ ಬರೆಯೋದು) ಅಂತ ಏನು ಕಲಿಸಿದರೋ, ಅದಕ್ಕೆ ಸಾಮಾನ್ಯ ಶಾಲೆಯಲ್ಲಿ ನಾನು ಕಂಡ ಹತ್ತಿರದ ನೆಂಟ ಅದೇ. ನಾಲ್ಕಕ್ಕೆ ಬಂದ ಕೂಡಲೇ ಏಣಿ ಹೋಗಿ ಬೆಂಚು ಬರುತ್ತೆ. ಪಾಠ ಒಂದೇ, ಪ್ರಶ್ನೆಪತ್ರಿಕೆ ಒಂದೇ, ನೂರಕ್ಕೆ ಮೂವತ್ತು ಮುಟ್ಟದಿದ್ದರೆ ‘ಸಿ’.

ನಾನು ನೋಡಿಕೊಳ್ಳುವ ಹುಡುಗನೊಬ್ಬ ಇದ್ದಾನೆ. ಒಂದರಿಂದ ಇಪ್ಪತ್ತರವರೆಗೆ ಹಾಡಿನ ಹಾಗೆ ಒಪ್ಪಿಸ್ತಿದ್ದ, ‘ಮೂರು ಅವರೆಕಾಳು ಕೊಡೋ’ ಅಂದರೆ ಮುಷ್ಟಿ ತುಂಬ ತೆಗೆದು ಸುರೀತಿದ್ದ. ಒಂದು ಕಾಳಿಗೆ ಒಂದೇ ಎಣಿಕೆ ಅನ್ನೋದನ್ನು ಹಿಡಿಯೋಕೆ ಜೂನ್‌ನಿಂದ ನವೆಂಬರ್ ಆಯ್ತು. ಒಂದು ದಿನ ಬಿಸಿಯೂಟದ ಹೊತ್ತಲ್ಲಿ ಸಾಲಲ್ಲಿ ಕೂತ ಐದು ಜನರ ಬೆನ್ನು ಮುಟ್ಟಿ ಮುಟ್ಟಿ ಎಣಿಸಿದ. ಅಡುಗೆಯಕ್ಕನ ಹತ್ತಿರ ಹೋಗಿ ಐದು ತಟ್ಟೆ ತಂದು ಇಟ್ಟ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ತನಗೆ ಅಂತ ಇನ್ನೊಂದು ತರೋಕೆ ವಾಪಸ್ ಹೋದ. ಆ ವಾರವೇ ಅವನ ತರಗತಿಗೆ ಗಣಿತದ ಕಿರುಪರೀಕ್ಷೆ: ಅರ್ಧ, ಕಾಲು, ಮುಕ್ಕಾಲು. ಅವನಿಗೆ ‘ಸಿ’ ಬಂತು. ಆರನೇ ತಟ್ಟೆಯನ್ನು ಬರೆಯೋಕೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಈ ಕೆಲಸದಲ್ಲಿ ನನಗೆ ಸಿಟ್ಟು ಬರೋದು ಮಕ್ಕಳ ಮೇಲಲ್ಲ, ಇಂಥ ನಮೂನೆಗಳ ಮೇಲೆ.

ಕಲಿಕಾ ಫಲಗಳೇ, ಅಂದರೆ ಈ ತರಗತಿಯ ಮಗು ಇಷ್ಟು ಕಲಿತಿರಬೇಕು ಅನ್ನೋ ಪಟ್ಟಿಯೇ, ಬೇಡ ಅಂತ ನಾನು ಹೇಳ್ತಿಲ್ಲ. ಅವಿಲ್ಲದ ಕಾಲದಲ್ಲಿ ಇಂಥ ಮಕ್ಕಳನ್ನು ಹಿಂದಿನ ಬೆಂಚಲ್ಲಿ ಕೂರಿಸಿ ಸುಮ್ಮನೆ ಪಾಸು ಮಾಡ್ತಿದ್ದರು, ಅದೂ ಅನ್ಯಾಯವೇ. ಶಾಲಾ ಪಠ್ಯ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಕಲಿಕಾ ಫಲಗಳ ಪುಸ್ತಕದಲ್ಲೇ, ತೀವ್ರ ಬೌದ್ಧಿಕ ತೊಂದರೆಯಿರುವ ಮಕ್ಕಳಿಗೆ ಶಿಕ್ಷಕರು ಅವುಗಳನ್ನು ಸಡಿಲಿಸಿಕೊಳ್ಳಬಹುದು ಎಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಇನ್ನೂ ಸ್ಪಷ್ಟ: ಪಠ್ಯಕ್ರಮವನ್ನೂ ಪರೀಕ್ಷಾ ಪದ್ಧತಿಯನ್ನೂ ಮಗುವಿನ ಅಗತ್ಯಕ್ಕೆ ಮಾರ್ಪಡಿಸಬೇಕು. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೇ ಮೂರನೇ ಭಾಷೆಯ ವಿನಾಯಿತಿಯನ್ನು ಅದು ಹೆಸರಿಸಿಯೇ ಹೇಳುತ್ತೆ.

ಹಾಗಿದ್ದರೆ ಶಾಲೆಯಲ್ಲಿ ಯಾಕೆ ನಡೆಯಲ್ಲ? ತರಗತಿ ಶಿಕ್ಷಕರಿಗೆ ಹೆದರಿಕೆ. ಸುಲಭದ ಪತ್ರಿಕೆ ಕೊಟ್ಟರೆ ತಪಾಸಣೆಗೆ ಬಂದವರು ಏನಂದಾರು ಅಂತ. ಇನ್ನೊಂದು ಕಾರಣ, ಜನ ಸಾಲದು. ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ನಾನು ಒಂದು ಶಾಲೆಗೆ ಹೋಗೋದು ಹದಿನೈದು ದಿನಕ್ಕೊಮ್ಮೆ. ಹೋದ ದಿನವೂ ಅರ್ಧ ಹೊತ್ತು ಮಾಹಿತಿ ತುಂಬೋದರಲ್ಲೇ ಹೋಗುತ್ತೆ.

ನೀವು ಮಾಡಬೇಕಾದ್ದು ಇಷ್ಟು. ಮಗನಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಮಾಡಿಕೊಡಿ ಅಂತ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಬಾಯಿಮಾತು ಮರೆತುಹೋಗುತ್ತೆ. ಗುರಿ ಬರೆಯುವಾಗ ‘ಗಣಿತದಲ್ಲಿ ಸುಧಾರಣೆ’ ಅಂತ ಬರೆಸಬೇಡಿ, ‘ಹತ್ತು ರೂಪಾಯಿ ಕೊಟ್ಟು ಚಿಲ್ಲರೆ ಕೇಳಿ ತರುತ್ತಾನೆ’ ಅಂತ ಬರೆಸಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ರಿಯಾಯಿತಿಗೆ ಓಡಾಡುವವರ ಗೋಳು ನೋಡಿ ಹೇಳ್ತಿದ್ದೇನೆ.

ಜೊತೆಗೆ ಮನೆಯಲ್ಲೊಂದು ನೋಟ್‌ಬುಕ್ ಇಡಿ. ತಾರೀಖು ಹಾಕಿ, ಅವನಾಗೇ ಮಾಡಿದ್ದು ಒಂದೇ ಸಾಲು: ‘ಅಂಗಿಯ ಮೇಲಿನ ಗುಂಡಿ ತಾನೇ ಹಾಕ್ಕೊಂಡ’, ‘ಅಜ್ಜಿಗೆ ಎರಡು ಮಾತ್ರೆ ಎಣಿಸಿ ಕೊಟ್ಟ’. ಮುಂದಿನ ಪೋಷಕರ ಸಭೆಯಲ್ಲಿ ಪ್ರಗತಿ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಮೇಜಿನ ಮೇಲೆ ಇಡಿ. ಹದಿನೈದು ದಿನಕ್ಕೊಮ್ಮೆ ಬರುವ ನನ್ನಂಥವಳು ಮೊದಲು ತೆರೆಯೋದೂ ಅದನ್ನೇ.